ಎಂಟರ್ ಒತ್ತುವ ಮುನ್ನ

ಮಿನಿ ಪ್ರಾಜೆಕ್ಟ್ ರಿವ್ಯೂಗೆ ಇನ್ನು ಮೂರು ದಿನ ಇತ್ತು. ರಾತ್ರಿ ಹನ್ನೊಂದೂವರೆ. ಹಾಸ್ಟೆಲ್ ರೂಮಿನಲ್ಲಿ ನಾನೊಬ್ಬನೇ ಎಚ್ಚರವಿದ್ದೆ. ನಮ್ಮ ಪ್ರೋಗ್ರಾಂ ಓಡಿದಾಗಲೆಲ್ಲ ಔಟ್1, ಔಟ್2, ಔಟ್3 ಎಂದು ಒಂದೊಂದು ಫೈಲ್ ಉಗುಳುತ್ತಿತ್ತು. ಅಂಥವು ನಲವತ್ತಕ್ಕೂ ಹೆಚ್ಚು ಸೇರಿ ಫೋಲ್ಡರ್ ಸಂತೆಯಾಗಿತ್ತು. ಎಲ್ಲವನ್ನೂ ಒಂದೇ ಏಟಿಗೆ ಅಳಿಸೋಣ ಎಂದು ಟರ್ಮಿನಲ್ ತೆರೆದೆ.

ಲಿನಕ್ಸ್‌ನಲ್ಲಿ ಫೈಲ್ ಅಳಿಸುವ ಕಮಾಂಡ್ ಆರ್‌ಎಂ. ಅದರ ಮುಂದೆ ‘ಔಟ್’ ಎಂದು ಬರೆದು, ಅದಕ್ಕೆ ಅಂಟಿಕೊಂಡಂತೆ ನಕ್ಷತ್ರ ಚಿಹ್ನೆ ಹಾಕಿದರೆ ‘ಔಟ್ ಎಂದು ಶುರುವಾಗುವುದನ್ನೆಲ್ಲ ಅಳಿಸು’ ಎಂದರ್ಥ. ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ನಡುವೆ ಒಮ್ಮೆ ಸ್ಪೇಸ್ ಬಾರ್ ತಟ್ಟಿತ್ತು. ನೋಡಲಿಲ್ಲ. ಎಂಟರ್ ಒತ್ತಿದೆ.

ಪರದೆಯ ಮೇಲೆ ಒಂದೇ ಒಂದು ಸಾಲು ಬಂತು. ‘ಔಟ್’ ಎಂಬ ಫೈಲನ್ನು ಅಳಿಸಲಾಗದು, ಅಂಥದ್ದು ಇಲ್ಲ ಎಂದು ಇಂಗ್ಲಿಷಿನಲ್ಲಿ. ಎಂಥದೋ ಒಂದು ಇಲ್ಲವಂತೆ, ಇಲ್ಲದಿದ್ದರೆ ಬಿಡು ಎಂದುಕೊಂಡು ಪರದೆ ಒರೆಸಿದೆ. ಆಮೇಲೆ ಎಲ್‌ಎಸ್ ಹೊಡೆದೆ. ಫೋಲ್ಡರಿನಲ್ಲಿ ಏನೇನಿದೆ ಎಂದು ತೋರಿಸುವ ಕಮಾಂಡ್ ಅದು. ಏನೂ ಬರಲಿಲ್ಲ. ಇನ್ನೊಮ್ಮೆ ಹೊಡೆದೆ. ಕರ್ಸರ್ ಮಾತ್ರ ಮಿಣಕ್ ಮಿಣಕ್ ಎನ್ನುತ್ತಿತ್ತು.

ಆ ಫೋಲ್ಡರಿನಲ್ಲಿ ಇದ್ದದ್ದು ನನ್ನೊಬ್ಬನ ಕೆಲಸವಲ್ಲ. ಬೆಳಗಿನ ಬಸ್ಸಿಗಾಗಿ ವಿದ್ಯಾರ್ಥಿಗಳು ಎಷ್ಟು ಹೊತ್ತು ಕಾಯುತ್ತಾರೆ ಎಂಬುದು ನಮ್ಮ ಪ್ರಾಜೆಕ್ಟಿನ ವಿಷಯ. ನಮ್ಮ ತಂಡದ ಗೆಳತಿಯೊಬ್ಬಳು ದಿನಾ ಹಳ್ಳಿಯಿಂದ ಬಸ್ಸಿನಲ್ಲೇ ಬರುವವಳು. ನಾಲ್ಕು ವಾರ ಬಸ್ ನಿಲ್ದಾಣದಲ್ಲಿ ನಿಂತು 160 ಫಾರಂ ತುಂಬಿಸಿಕೊಂಡು, ಎಲ್ಲವನ್ನೂ ತಾನೇ ಟೈಪ್ ಮಾಡಿದ್ದಳು. ಜೊತೆಗೆ ಇನ್ನೊಂದು ನೋಟ್ಸ್ ಫೈಲ್ ಇತ್ತು. ಫಾರಂನಲ್ಲಿ ಜಾಗವಿಲ್ಲದ, ಜನ ಬಾಯಲ್ಲಿ ಹೇಳಿದ ಮಾತುಗಳನ್ನು ಅದರಲ್ಲಿ ಬರೆದಿಟ್ಟಿದ್ದಳು. ಮೊದಲ ಪೀರಿಯಡ್ ತಪ್ಪುತ್ತದೆಂದು ವಿಷಯವನ್ನೇ ಬದಲಿಸಿಕೊಂಡ ಹುಡುಗ, ಸಂಜೆಯ ಕೊನೆ ಬಸ್ಸಿಗಾಗಿ ಲ್ಯಾಬನ್ನು ಅರ್ಧಕ್ಕೇ ಬಿಟ್ಟು ಓಡುವ ಹುಡುಗಿ, ಇಂಥ ಮೂವತ್ತು ನಲವತ್ತು ಸಾಲು. ನಿಜ ಹೇಳಬೇಕೆಂದರೆ ನಮ್ಮ ಪ್ರಾಜೆಕ್ಟಿನಲ್ಲಿ ಓದುವಂಥದ್ದು ಇದ್ದದ್ದು ಆ ಫೈಲಿನಲ್ಲೇ.

ಆರ್‌ಎಂ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋಗಿದ್ದು ಹೋಗಿಯೇ ಹೋಯಿತು. ವಾಪಸ್ ತರಲು ಎರಡು ಗಂಟೆವರೆಗೆ ಒದ್ದಾಡಿದೆ. ಆಗಲಿಲ್ಲ.

ಒಂದು ವರ್ಷದ ಹಿಂದೆ ಇದೇ ಕಮಾಂಡ್‌ಗಳ ಲ್ಯಾಬ್ ಪರೀಕ್ಷೆಯಲ್ಲಿ ನನಗೆ 50ಕ್ಕೆ 48 ಅಂಕ ಬಂದಿತ್ತು. ಈ ಲೇಖನ ಬರೆಯಲು ಕೂರಿಸಿದ್ದು ಆ 48.

ಅದು ಹೇಗೆ ಬಂತು ಎಂದು ಬಿಇ ಓದುವವರಿಗೆ ಹೇಳಬೇಕಾಗಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಎಡಗಡೆ ಕಮಾಂಡ್, ಬಲಗಡೆ ಅದರ ಉಪಯೋಗ. ಎಲ್‌ಎಸ್ ಪಟ್ಟಿ ತೋರಿಸುತ್ತದೆ, ಸಿಡಿ ಫೋಲ್ಡರ್ ಬದಲಿಸುತ್ತದೆ, ಪಿಡಬ್ಲ್ಯುಡಿ ನಾವೀಗ ಯಾವ ಫೋಲ್ಡರಿನಲ್ಲಿ ನಿಂತಿದ್ದೇವೆಂದು ಹೇಳುತ್ತದೆ. (ಲೋಕೋಪಯೋಗಿ ಇಲಾಖೆಯ ಜೋಕ್ ಎಲ್ಲ ಕಾಲೇಜಿನಲ್ಲೂ ಒಂದೇ ಎಂದು ಕಾಣುತ್ತದೆ.) ಸೀನಿಯರ್‌ಗಳ ರೆಕಾರ್ಡ್ ನೋಡಿ ನಾವು ಬರೆದೆವು, ನಮ್ಮದನ್ನು ನೋಡಿ ಜೂನಿಯರ್‌ಗಳು ಬರೆದರು. ಔಟ್‌ಪುಟ್ ಬರುವ ಮೊದಲೇ ರೆಕಾರ್ಡಿನಲ್ಲಿ ಔಟ್‌ಪುಟ್ ಬರೆದಾಗಿರುತ್ತಿತ್ತು. ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಕೇಳಿದ್ದು ‘ಆರ್‌ಎಂ ಅಂದರೇನು?’ ‘ರಿಮೂವ್ ಸರ್’ ಎಂದೆ. ಮುಂದಿನ ಪ್ರಶ್ನೆಗೆ ಹೋದರು.

ನಕ್ಷತ್ರ ಚಿಹ್ನೆಯನ್ನು ಬಿಡಿಸಿ ಅರ್ಥಮಾಡಿಕೊಳ್ಳುವುದು ಯಾರ ಕೆಲಸ ಎಂದು ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಆರ್‌ಎಂನ ಕೆಲಸ ಎಂದೇ ಅಂದುಕೊಂಡಿದ್ದೆ. ಅದಲ್ಲ. ನಾವು ಬರೆದ ಸಾಲನ್ನು ಮೊದಲು ಓದುವುದು ಶೆಲ್ ಎಂಬ ಇನ್ನೊಂದು ಪ್ರೋಗ್ರಾಂ. ಅದು ಸ್ಪೇಸ್ ಇದ್ದಲ್ಲೆಲ್ಲ ಸಾಲನ್ನು ತುಂಡರಿಸುತ್ತದೆ. ನಕ್ಷತ್ರ ಕಂಡಲ್ಲಿ ಹೊಂದುವ ಫೈಲುಗಳ ಹೆಸರನ್ನೆಲ್ಲ ತಂದು ತುಂಬುತ್ತದೆ. ಆಮೇಲೆ ಆ ಹೆಸರುಗಳನ್ನು ಆರ್‌ಎಂ ಕೈಗೆ ಕೊಡುತ್ತದೆ. ನಾನು ಸ್ಪೇಸ್ ಬಿಟ್ಟಿದ್ದರಿಂದ ‘ಔಟ್’ ಒಂದು ತುಂಡಾಯಿತು, ನಕ್ಷತ್ರ ಇನ್ನೊಂದು ತುಂಡಾಯಿತು. ಒಂಟಿ ನಕ್ಷತ್ರಕ್ಕೆ ಎಲ್ಲ ಹೆಸರೂ ಹೊಂದುತ್ತದೆ. ಪಾಪ ಆರ್‌ಎಂ, ಅದಕ್ಕೆ ನಕ್ಷತ್ರ ಕಾಣಿಸಿಯೇ ಇರಲಿಲ್ಲ. ಸಿಕ್ಕಿದ್ದು ಹೆಸರುಗಳ ಪಟ್ಟಿ. ಒಂದೊಂದಾಗಿ ಅಳಿಸಿತು, ‘ಔಟ್’ ಎಂಬ ಫೈಲ್ ಮಾತ್ರ ಇಲ್ಲವಲ್ಲ ಎಂದು ದೂರಿತು.

ಆ ದೂರನ್ನು ಓದಿದ್ದರೆ ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಫೈಲುಗಳು ಉಳಿಯುತ್ತಿರಲಿಲ್ಲ, ಆದರೆ ಏನಾಯಿತೆಂದು ತಲೆ ಚಚ್ಚಿಕೊಳ್ಳುವುದು ತಪ್ಪುತ್ತಿತ್ತು. ಎಂಟರ್ ಒತ್ತುವ ಮೊದಲು ಆರ್‌ಎಂ ಬದಲು ಎಲ್‌ಎಸ್ ಹಾಕಿ ಅದೇ ಸಾಲನ್ನು ಓಡಿಸಿ ನೋಡಿದ್ದರೆ ಏನೇನು ಅಳಿಯಲಿದೆ ಎಂದು ಪೂರ್ತಿ ಪಟ್ಟಿ ಕಣ್ಣೆದುರು ಬರುತ್ತಿತ್ತು. ಐದು ಸೆಕೆಂಡಿನ ಕೆಲಸ. ನನ್ನ ರೆಕಾರ್ಡ್ ಪುಸ್ತಕದ ಯಾವ ಪುಟದಲ್ಲೂ ಅದು ಇಲ್ಲ.

ಬೆಳಿಗ್ಗೆ ಆರೂವರೆಗೆ ಗೆಳತಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪ್ ಕೆಟ್ಟಿತು ಎಂದು ಸುಳ್ಳು ಹೇಳೋಣ ಎಂದು ರಾತ್ರಿಯೆಲ್ಲ ಯೋಚಿಸಿದ್ದೆ, ಬಾಯಿಗೆ ಬರಲಿಲ್ಲ. ಅವಳು ಬಸ್ಸಿಗೆ ಕಾಯುತ್ತಿದ್ದಳು. ‘ಏನೋ ಮಾಡ್ದೆ?’ ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಬಸ್ ನಿಲ್ದಾಣದ ಸದ್ದಷ್ಟೇ ಕೇಳಿಸಿತು. ‘ಫಾರಂ ಎಲ್ಲ ಮನೇಲಿದಾವೆ, ನಾಳೆ ತರ್ತೀನಿ. ಆದ್ರೆ ಆ ನೋಟ್ಸ್?’ ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಅತಿ ಹೆಚ್ಚು ಕೇಳಿಬರುವ ವಾಕ್ಯ ‘ಮ್ಯಾಮ್, ಬರ್ತಿಲ್ಲ’. ಪರದೆಯ ಮೇಲೆ ಏನೋ ಬಂದಿರುತ್ತದೆ. ಅದನ್ನು ಓದದೆ ಕೈ ಎತ್ತುತ್ತೇವೆ. ಮ್ಯಾಮ್ ಬಂದು ಎರಡು ಅಕ್ಷರ ತಿದ್ದಿ ಹೋಗುತ್ತಾರೆ. ಅರವತ್ತು ಜನರಿಗೆ ಇಬ್ಬರು ಇರುವಾಗ ಅವರು ತಾನೇ ಇನ್ನೇನು ಮಾಡಿಯಾರು? ಆದರೆ ಹೊಸಬರಿಗೆ ಎದುರಾಗುವ ದೂರುಗಳಲ್ಲಿ ಮುಕ್ಕಾಲುಪಾಲು ಮೂರೇ ಮೂರು. ಅಂಥ ಕಮಾಂಡ್ ಸಿಗಲಿಲ್ಲ ಎಂದರೆ ಕಾಗುಣಿತ ತಪ್ಪಿದೆ, ಇಲ್ಲವೇ ಆ ಪ್ರೋಗ್ರಾಂ ಇನ್‌ಸ್ಟಾಲ್ ಆಗಿಲ್ಲ. ಅಂಥ ಫೈಲ್ ಇಲ್ಲ ಎಂದರೆ ಹೆಸರು ತಪ್ಪಿದೆ, ಅಥವಾ ನೀವು ಬೇರೆ ಫೋಲ್ಡರಿನಲ್ಲಿ ನಿಂತಿದ್ದೀರಿ. ಅನುಮತಿ ಇಲ್ಲ ಎಂದರೆ ಆ ಫೈಲಿನ ಮೇಲೆ ನಿಮಗೆ ಹಕ್ಕಿಲ್ಲ.

ಈ ಮೂರನೆಯದಕ್ಕೆ ನಮ್ಮ ಹಾಸ್ಟೆಲಿನಲ್ಲಿ ಒಂದು ಸರ್ವರೋಗ ನಿವಾರಿಣಿ ಇದೆ: ಸಿಎಚ್‌ಮಾಡ್ 777. ಸೀನಿಯರ್‌ಗಳಿಂದ ಬಂದದ್ದು. ಓದುವ ಹಕ್ಕಿಗೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1, ಮೂರೂ ಕೂಡಿದರೆ 7. ಮೊದಲ ಅಂಕಿ ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಹಾಗಾಗಿ 755 ಎಂದರೆ ಒಡೆಯ ಏನು ಬೇಕಾದರೂ ಮಾಡಬಹುದು, ಬೇರೆಯವರು ಓದಬಹುದು, ಓಡಿಸಬಹುದು, ತಿದ್ದುವಂತಿಲ್ಲ. 777 ಎಂದರೆ ಬೀಗದ ಕೈ ಗೊತ್ತಿಲ್ಲವೆಂದು ಬಾಗಿಲನ್ನೇ ಕಿತ್ತಿಡುವುದು. ‘ಅನುಮತಿ ಇಲ್ಲ’ ಎಂಬ ದೂರು ನಿಲ್ಲುತ್ತದೆ, ನಿಜ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕಪ್ಪು ಪರದೆಯಲ್ಲಿ ಇಂಗ್ಲಿಷ್ ಸಾಲು ಕಂಡ ಕೂಡಲೇ ಇದು ನಮಗಲ್ಲ ಎಂದು ಮನಸ್ಸು ಹಿಂದೆ ಸರಿಯುತ್ತದೆ. ಮೊದಲ ವರ್ಷ ನಾನೂ ಹಾಗೆಯೇ ಇದ್ದೆ. ಪಕ್ಕದ ಬೆಂಚಿನ ಕಾನ್ವೆಂಟ್ ಹುಡುಗನಿಗೂ ಗ್ರೆಪ್ ಎಂದರೇನೆಂದು ಗೊತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ. ಗ್ರೆಪ್ ಯಾವ ಇಂಗ್ಲಿಷ್ ಶಾಲೆಯ ಪಾಠದಲ್ಲೂ ಇರಲಿಲ್ಲ. ಇಡಿ ಎಂಬ ಹಳೆಯ ಎಡಿಟರ್‌ನಲ್ಲಿ, ಬೇಕಾದ ಪದವಿರುವ ಸಾಲುಗಳನ್ನೆಲ್ಲ ಹುಡುಕಿ ಮುದ್ರಿಸು ಎಂದು ಹೇಳಲು ಬರೆಯುತ್ತಿದ್ದ ಸಂಕೇತಗಳ ಅಕ್ಷರಗಳನ್ನು ಒತ್ತಾಗಿ ಸೇರಿಸಿದರೆ ಬರುವ ಶಬ್ದ ಅದು. ಟರ್ಮಿನಲ್ ಮುಂದೆ ಕುಳಿತವರೆಲ್ಲ ಒಂದೇ ಗೆರೆಯಿಂದ ಓಟ ಶುರುಮಾಡಬೇಕು. ಇಪ್ಪತ್ತು ಮೂವತ್ತು ಕಮಾಂಡ್ ಮತ್ತು ಆ ಮೂರು ದೂರುಗಳು ಬಂದರೆ ದಿನದ ಕೆಲಸ ನಡೆಯುತ್ತದೆ. ಕನ್ನಡ ಮಾಧ್ಯಮದವರಿಗೆ ಕಂಪ್ಯೂಟರ್ ಸೈನ್ಸ್ ಕಷ್ಟ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಈ ಹೆಸರುಗಳೇಕೆ ಇಷ್ಟು ಗಿಡ್ಡ ಎಂದು ಕೇಳಿದಾಗ ನನಗೆ ಸಿಕ್ಕ ಉತ್ತರ, ‘ಅದು ಹಾಗೇ ಇರುತ್ತೆ, ನೆನಪಿಟ್ಕೋ’. ಕಾರಣ ಆಮೇಲೆ ಓದಿ ತಿಳಿಯಿತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯೂನಿಕ್ಸ್ ಶುರುಮಾಡಿದಾಗ ಅವರು ಕಮಾಂಡ್ ಕೊಡುತ್ತಿದ್ದದ್ದು ಮುಖ್ಯವಾಗಿ ಪರದೆಯ ಮೇಲಲ್ಲ. ಕಾಗದದ ಮೇಲೆ ಸೆಕೆಂಡಿಗೆ ಸುಮಾರು 10 ಅಕ್ಷರ ಕುಟ್ಟುವ ಟೆಲಿಟೈಪ್ ಯಂತ್ರ ಇತ್ತು. ಅಂಥ ಯಂತ್ರದಲ್ಲಿ ಪ್ರತಿ ಅಕ್ಷರವೂ ದುಬಾರಿ. ಲಿಸ್ಟ್ ಎನ್ನುವುದು ಎಲ್‌ಎಸ್ ಆಯಿತು, ಕಾಪಿ ಸಿಪಿ ಆಯಿತು. ಕೆಲಸ ಸರಿಯಾಗಿ ಆದರೆ ಯೂನಿಕ್ಸ್ ಏನೂ ಹೇಳುವುದಿಲ್ಲ, ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ ಎಂಬ ಗುಣಕ್ಕೂ ಆ ನಿಧಾನದ ಕಾಗದಕ್ಕೂ ನಂಟಿದೆ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಹಾಗೆ. ಇಷ್ಟು ಕಥೆ ಹೇಳಲು ತರಗತಿಯಲ್ಲಿ ಐದು ನಿಮಿಷ ಸಾಕು. ಕೇಳಿದ ಮೇಲೆ ಆ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಮರುದಿನ ಗೆಳತಿ ಪ್ಲಾಸ್ಟಿಕ್ ಕವರಿನಲ್ಲಿ ಫಾರಂಗಳನ್ನು ತಂದಳು. ನಾಲ್ವರೂ ನಲವತ್ತು ನಲವತ್ತು ಹಂಚಿಕೊಂಡು ಕುಳಿತೆವು. ಒಂದು ಸಾಲಿಗೆ ಒಂದು ಫಾರಂ, ಮೊದಲು ಫಾರಂ ನಂಬರ್, ಕಾಮಾ, ಆಮೇಲೆ ಊರು, ಕಾದ ನಿಮಿಷ ಹೀಗೆ. ರಾತ್ರಿ ಒಂದಕ್ಕೆ ಎಲ್ಲ ಸೇರಿಸಿ ಡಬ್ಲ್ಯುಸಿ ಕಮಾಂಡಿನಲ್ಲಿ ಸಾಲು ಎಣಿಸಿದರೆ 163! ಮೂರು ಫಾರಂ ಎರಡೆರಡು ಸಲ ಬಂದಿವೆ. 163 ಸಾಲಿನಲ್ಲಿ ಅವನ್ನು ಕಣ್ಣಲ್ಲಿ ಹುಡುಕುವುದು ಹೇಗೆ? ಯೂನಿಕ್ ಎಂಬ ಕಮಾಂಡ್ ನೆನಪಾಯಿತು. ‘ಪುನರಾವರ್ತಿತ ಸಾಲುಗಳನ್ನು ತೆಗೆಯುತ್ತದೆ’ ಎಂದು ರೆಕಾರ್ಡಿನಲ್ಲಿ ನೀಟಾಗಿ ಬರೆದಿದ್ದೆ. ಓಡಿಸಿದೆ. ಒಂದನ್ನೂ ಹಿಡಿಯಲಿಲ್ಲ.

ಆಗ ಮೊದಲ ಬಾರಿಗೆ ಮ್ಯಾನ್ ಯೂನಿಕ್ ಎಂದು ಹೊಡೆದು ಮ್ಯಾನ್ಯುಯಲ್ ಪುಟವನ್ನು ಓದಿದೆ. ಮೊದಲ ಬಾರಿಗೆ, ಐದನೇ ಸೆಮಿಸ್ಟರಿನಲ್ಲಿ! ಯೂನಿಕ್ ನೋಡುವುದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಎಂದು ಅಲ್ಲಿತ್ತು. ಒಂದೇ ಥರದ ಎರಡು ಸಾಲು ದೂರ ದೂರ ಇದ್ದರೆ ಅದಕ್ಕೆ ತಿಳಿಯುವುದಿಲ್ಲ. ಮೊದಲು ಸಾರ್ಟ್ ಮಾಡಿ ಒಂದೇ ಥರದವನ್ನು ಒತ್ತಟ್ಟಿಗೆ ತರಬೇಕು. ಅದೂ ಇಡೀ ಸಾಲಲ್ಲ, ಇಬ್ಬರು ಟೈಪ್ ಮಾಡಿದಾಗ ಊರಿನ ಕಾಗುಣಿತ ಬೇರೆಯಾಗಿರಬಹುದು, ಆದ್ದರಿಂದ ಕಟ್ ಕಮಾಂಡಿನಿಂದ ಫಾರಂ ನಂಬರ್ ಅಷ್ಟನ್ನೇ ಕತ್ತರಿಸಿಕೊಳ್ಳಬೇಕು. ಕಟ್, ಸಾರ್ಟ್, ಯೂನಿಕ್ ಮೂರನ್ನೂ ನಡುವೆ ಉದ್ದ ಗೆರೆ ಹಾಕಿ ಒಂದೇ ಸಾಲಿನಲ್ಲಿ ಜೋಡಿಸಿ, ಎರಡು ಸಲ ಬಂದದ್ದನ್ನಷ್ಟೇ ತೋರಿಸು ಎಂದು ಕೇಳಿದೆ. ಮೂರು ನಂಬರ್ ಪಟ್ಟನೆ ಬಂದವು.

ಆ ಉದ್ದ ಗೆರೆಗೆ ಪೈಪ್ ಎಂದು ಹೆಸರು. ಡಗ್ ಮೆಕಿಲ್‌ರಾಯ್ ಎಂಬುವರ ಒತ್ತಾಸೆಯಿಂದ 1973ರಲ್ಲಿ ಯೂನಿಕ್ಸ್‌ಗೆ ಬಂದದ್ದು. ಒಂದು ಪ್ರೋಗ್ರಾಂ ಹೊರಹಾಕಿದ್ದನ್ನು ಮುಂದಿನದರ ಬಾಯಿಗೆ ಹಾಕುತ್ತದೆ. ನಮ್ಮೂರಿನ ಕಣದಲ್ಲಿ ರಾಗಿ ರಾಶಿ ಮಾಡುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಒಬ್ಬರು ತೂರುತ್ತಾರೆ, ಒಬ್ಬರು ಜರಡಿ ಹಿಡಿಯುತ್ತಾರೆ, ಒಬ್ಬರು ಅಳೆದು ಚೀಲಕ್ಕೆ ತುಂಬುತ್ತಾರೆ. ತೂರುವವರಿಗೆ ಅಳತೆಯ ಲೆಕ್ಕ ಬೇಕಿಲ್ಲ. ಈ ಮೂರು ಕಮಾಂಡುಗಳನ್ನು ನಾನು ಮೂರು ಬೇರೆ ಬೇರೆ ಪ್ರಶ್ನೆಗಳಾಗಿ ಓದಿದ್ದೆ, ತಲಾ ಎರಡು ಅಂಕಕ್ಕೆ.

ಫಾರಂಗಳೇನೋ ವಾಪಸ್ ಬಂದವು. ನೋಟ್ಸ್ ಫೈಲ್ ಬರಲಿಲ್ಲ. ಗೆಳತಿ ನೆನಪು ಮಾಡಿಕೊಂಡು ಹನ್ನೊಂದು ಸಾಲು ಬರೆದಳು. ಉಳಿದವರು ಹೇಳಿದ್ದು ಏನೆಂದು ಅವಳಿಗೂ ನೆನಪಾಗಲಿಲ್ಲ. ರಿವ್ಯೂ ಚೆನ್ನಾಗಿಯೇ ಆಯಿತು. ಅವಳು ಆಮೇಲೆ ಅದರ ಸುದ್ದಿ ಎತ್ತಿಲ್ಲ. ಆದರೆ ಈಗ ಏನೇ ಟೈಪ್ ಮಾಡಿದರೂ ಒಂದು ಪ್ರತಿ ತನ್ನ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೇ ನನಗೆ ಕಳಿಸುತ್ತಾಳೆ. ಸರಿಯೇ ಇದೆ.

ಇದನ್ನೆಲ್ಲ ಹೇಳಿದರೆ ಗೆಳೆಯರು ನಗುತ್ತಾರೆ. ‘ಚಾಟ್‌ಜಿಪಿಟಿ ಇರೋವಾಗ ಇದನ್ನೆಲ್ಲ ಯಾರು ಕಲೀತಾರೆ ಮಗಾ?’ ನಾನೂ ಅದನ್ನು ಕೇಳುತ್ತೇನೆ, ಕೇಳುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಉದ್ದುದ್ದ ಕಮಾಂಡ್‌ಗಳನ್ನು ಅದು ಚಕಚಕನೆ ಬರೆದುಕೊಡುತ್ತದೆ. ಆದರೆ ಓಡುವುದು ನನ್ನ ಯಂತ್ರದಲ್ಲಿ, ಅಳಿಯುವುದು ನನ್ನ ಫೈಲು, ಎಂಟರ್ ಒತ್ತುವ ಬೆರಳು ನನ್ನದು. ಅದು ಕೊಟ್ಟ ಸಾಲನ್ನು ಓದಿ ಅರ್ಥಮಾಡಿಕೊಳ್ಳಲಾಗದವನಿಗೂ ಸೀನಿಯರ್ ಹೇಳಿದರೆಂದು 777 ಹೊಡೆಯುವವನಿಗೂ ಏನು ವ್ಯತ್ಯಾಸ? ಬರೆಯುವುದನ್ನು ಬೇಕಾದರೆ ಬೇರೆಯವರಿಗೆ ಬಿಡೋಣ. ಓದುವುದನ್ನು ಬಿಡಲಾಗದು.

ಇನ್ನು ಕೆಲವರು, ಲಿನಕ್ಸ್ ಯಾರು ಬಳಸುತ್ತಾರೆ ಎನ್ನುತ್ತಾರೆ. ಅವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಕರ್ನಲ್ ಲಿನಕ್ಸ್. ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸೇ. 1991ರಲ್ಲಿ ಅದನ್ನು ಶುರುಮಾಡಿದಾಗ ಲೀನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ. ನನಗಿಂತ ಒಂದೇ ವರ್ಷ ದೊಡ್ಡವ. (ಇದನ್ನು ನೆನೆದಾಗಲೆಲ್ಲ ನನಗೆ ಊಟ ರುಚಿಸುವುದಿಲ್ಲ.) ನಾನು ಲಿನಕ್ಸ್‌ಗೆ ಬಂದದ್ದು ಯಾವ ಆದರ್ಶದಿಂದಲೂ ಅಲ್ಲ. ಎಸ್‌ಪಿ ರಸ್ತೆಯಲ್ಲಿ ಕೊಂಡ ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ 4 ಜಿಬಿ ರ‍್ಯಾಮಿನಲ್ಲಿ ವಿಂಡೋಸ್ ಏಳುವಷ್ಟರಲ್ಲಿ ಮೆಸ್ಸಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಲಿನಕ್ಸ್ ಹಾಕಿದ ಮೇಲೆ ಓಡುತ್ತಿದೆ. ಕಾಸಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಆ ಘಟನೆಯ ನಂತರ ನಾನು ‘ಆಟ’ ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿಕೊಂಡಿದ್ದೇನೆ. ಅದರೊಳಗಿನದು ಹಾಳಾದರೂ ಚಿಂತೆಯಿಲ್ಲ. ಒಂದು ದಿನ ಅಲ್ಲಿ ‘ಕನ್ನಡ’ ಎಂದು ಬರೆದು ಡಬ್ಲ್ಯುಸಿಗೆ ಎಣಿಸಲು ಹೇಳಿದೆ. ಕಣ್ಣಿಗೆ ಮೂರಕ್ಷರ. ಅದು, ಸಾಲಿನ ಕೊನೆಯ ಎಂಟರ್ ಬಿಟ್ಟು, ಐದು ಎಂದಿತು. ಬೈಟ್ ಎಣಿಸು ಎಂದರೆ 15! ಯೂನಿಕೋಡ್‌ನಲ್ಲಿ ಒತ್ತಕ್ಷರ ಒಂದೇ ಅಕ್ಷರವಲ್ಲ. ಕ, ನ, ನಡುವೆ ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಕೊನೆಗೆ ಡ. ಒಟ್ಟು ಐದು, ಒಂದೊಂದಕ್ಕೂ ಮೂರು ಬೈಟ್. ಸಾಲನ್ನು ಹಿಂದುಮುಂದಾಗಿಸುವ ರೆವ್ ಎಂಬ ಕಮಾಂಡಿಗೆ ‘ಮೈಸೂರು’ ಕೊಟ್ಟರೆ ಕೊನೆಯ ಕೊಂಬು ಮೊದಲಿಗೆ ಬಂದು ಅನಾಥವಾಗಿ ನೇತಾಡುತ್ತದೆ, ‘ರ’ಗೆ ಕೊಂಬಿನ ದೀರ್ಘ ಹತ್ತುತ್ತದೆ, ‘ಸ’ಗೆ ಐತ್ವ ಅಂಟುತ್ತದೆ. ಅಂದು ಮಧ್ಯಾಹ್ನವೆಲ್ಲ ಇದರಲ್ಲೇ ಕಳೆದೆ. ಕನ್ನಡದ ಮೇಲೆ ಕೆಲಸ ಮಾಡುವ ಸಾಫ್ಟ್‌ವೇರ್ ಬರೆಯುವುದು ಯಾಕೆ ಕಷ್ಟ ಎಂದು ಎರಡು ಕಮಾಂಡಿನಲ್ಲಿ ಗೊತ್ತಾಯಿತು. ಆರ್ಕಿಮಿಡೀಸ್‌ನಂತೆ ಅಲ್ಲದಿದ್ದರೂ, ಸಣ್ಣದೇನೋ ಕಂಡುಹಿಡಿದೆನೆಂಬ ಹಿಗ್ಗು.

ಲ್ಯಾಬ್ ಎಂದರೆ ಇಂಥ ಜಾಗವೇ ಆಗಬೇಕಿತ್ತಲ್ಲವೇ? ಕಂಪ್ಯೂಟರ್ ಲ್ಯಾಬಿನಲ್ಲಿ ಆಸಿಡ್ ಚೆಲ್ಲುವುದಿಲ್ಲ, ಗಾಜು ಒಡೆಯುವುದಿಲ್ಲ. ಹಾಳಾದರೆ ಮತ್ತೆ ಇನ್‌ಸ್ಟಾಲ್ ಮಾಡಿದರಾಯಿತು. ಮೊದಲ ವಾರವೇ ಪ್ರತಿಯೊಬ್ಬರಿಗೂ ಒಂದು ಉತ್ತುತ್ತಿ ಫೋಲ್ಡರ್ ಕೊಟ್ಟು, ಸ್ಪೇಸ್ ಬಿಟ್ಟು ನಕ್ಷತ್ರ ಹಾಕಿ ಅಳಿಸಿ ನೋಡಿ ಎಂದು ಮೇಡಂ ಹೇಳಿದ್ದರೆ ನಾನು ಮೂರನೇ ಸೆಮಿಸ್ಟರಿನಲ್ಲೇ ಬೆವರುತ್ತಿದ್ದೆ, ಗೆಳತಿಯ ಫೈಲ್ ಉಳಿಯುತ್ತಿತ್ತು. ಪರೀಕ್ಷೆಯೂ ಹಾಗೆಯೇ. ಕಮಾಂಡಿನ ಪಟ್ಟಿ ಕೇಳುವ ಬದಲು ಒಂದು ಕೊಳಕು ಫೈಲ್ ಕೊಡಿ. ಎರಡೆರಡು ಸಲ ಬಂದ ಸಾಲು, ತಪ್ಪು ಹೆಸರು, ಹಕ್ಕಿಲ್ಲದ ಫೋಲ್ಡರ್ ಎಲ್ಲ ಅದರಲ್ಲಿರಲಿ. ಮ್ಯಾನ್ ಪುಟಗಳನ್ನು ತೆರೆದಿಟ್ಟುಕೊಳ್ಳಲು ಬಿಡಿ, ಅವು ಇರುವುದೇ ನೋಡಲು. ಗಂಟೆಯಲ್ಲಿ ಅದನ್ನು ಸರಿಪಡಿಸಿದವರಿಗೆ ಅಂಕ ಕೊಡಿ. ವೈವಾದಲ್ಲಿ ‘ಆರ್‌ಎಂ ಅಂದರೇನು’ ಎಂದು ಕೇಳುವ ಬದಲು ‘ಈ ಸಾಲು ಓಡಿಸಿದರೆ ಏನಾಗುತ್ತದೆ’ ಎಂದು ಕೇಳಿ. ಇದಕ್ಕೆ ಹೊಸ ಕಂಪ್ಯೂಟರ್ ಬೇಡ, ಹೊಸ ಸಿಲಬಸ್ ಬೇಡ, ದುಡ್ಡೂ ಬೇಡ.

ನಾಡಿದ್ದು ನೆಟ್‌ವರ್ಕ್ಸ್ ಲ್ಯಾಬ್ ಪರೀಕ್ಷೆ. ಚೀಟಿ ಎತ್ತಿ ಬಂದ ಪ್ರೋಗ್ರಾಂ ಬರೆಯಬೇಕು. ಗೊತ್ತಿಲ್ಲವೆಂದು ಪ್ರೋಗ್ರಾಂ ಬದಲಿಸಿಕೊಂಡರೆ ರೈಟಪ್‌ನ ಅಂಕ ಹೋಗುತ್ತದೆ. ಹತ್ತು ಪ್ರೋಗ್ರಾಂ ಇವೆ. ಇಷ್ಟೆಲ್ಲ ಬರೆದ ನಾನು ಅವುಗಳಲ್ಲಿ ಎಂಟನ್ನು ಈಗಾಗಲೇ ಬಾಯಿಪಾಠ ಮಾಡಿದ್ದೇನೆ, ಉಳಿದೆರಡು ಇವತ್ತು ರಾತ್ರಿ.